ಚುಕ್ಕಾಣಿಯವನು ಯಾಕೆ ಕೂಗಲಿಲ್ಲ

ಜೂನ್ 3, ಸೋಮವಾರ

ಅಂಗಡಿಯಲ್ಲಿ ಸ್ಟಾಕ್ ಎಣಿಕೆ. ಒಂದು ಡಬ್ಬಿಯಲ್ಲಿ ಎರಡೂ ಎಡಗಾಲಿನ ಬೂಟು. ಯಾರೋ ಪುಣ್ಯಾತ್ಮ ಎರಡು ಬಲಗಾಲಿನದನ್ನು ಹಾಕಿಕೊಂಡು ಓಡಾಡುತ್ತಿರಬೇಕು. ಮ್ಯಾನೇಜರ್ ನನ್ನನ್ನೇ ದುರುಗುಟ್ಟಿ ನೋಡಿದ, ನಾನೇ ನುಂಗಿದ ಹಾಗೆ.

ಮನೆಗೆ ಬಂದರೆ ಹಾಲ್ ತುಂಬ ಸೂಟ್‌ಕೇಸ್. ನಾದಿನಿ ಬಂದಿದ್ದಾಳೆ. ಇಲ್ಲಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಬೇರೆ ರೂಮು ಸಿಗುವವರೆಗೆ ನಮ್ಮಲ್ಲೇ ಇರುತ್ತಾಳಂತೆ. ಮನೆಯವರ ಬಾಯಲ್ಲಿ ಅವಳು ಇನ್ನೂ ಪುಟ್ಟಿ. ಕೈತುಂಬ ಸಂಬಳ ತರುವ ಪುಟ್ಟಿ. ಇವರು ಆಫೀಸಿಗೆ ರಜೆ ಹಾಕಿ ತಂಗಿಯ ಮುಂದೆ ಕೂತಿದ್ದರು. ನನಗೆ ಜ್ವರ ಬಂದಾಗ ರಜೆ ಸಿಕ್ಕಿರಲಿಲ್ಲ.

ಜೂನ್ 5, ಬುಧವಾರ

ನನ್ನ ಕಪಾಟಿನ ಮುಂದೆ ನಿಂತು, "ಅತ್ತಿಗೆ, ಇವೆಲ್ಲ ನಿಮ್ದಾ? ಕಾಮಿಕ್ಸಾ?" ಎಂದಳು.

ಮಂಗಾ ಎಂದೆ, ಜಪಾನಿನ ಚಿತ್ರಕಥೆ. ಕಡಲುಗಳ್ಳರ ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾದದ್ದು, ತಲೆಯಲ್ಲಿ ಬಿಳಿ ಕೂದಲು ಬಂದರೂ ಮುಗಿದಿಲ್ಲ. ಮೊದಲ ಸಂಪುಟ ಕೊಟ್ಟೆ.

ಸಂಜೆ ನೋಡಿದೆ. ಪುಸ್ತಕವನ್ನು ಹಿಂದಿನ ರಟ್ಟಿನಿಂದ ತೆರೆಯಬೇಕು ಎನ್ನುವುದು ಅವಳಿಗೆ ತಿಳಿದಿದೆ, ಅದನ್ನು ಅಲ್ಲೇ ಅಚ್ಚು ಹಾಕಿದ್ದಾರೆ. ಆದರೆ ಪುಟದ ಒಳಗೆ ಅವಳ ಬೆರಳು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಚಿತ್ರದ ಚೌಕಗಳನ್ನೂ ಬಲದಿಂದ ಎಡಕ್ಕೇ ಓದಬೇಕು. ಊರಿನವರ ಕಣ್ಣು ಪರೀಕ್ಷೆ ಮಾಡುವವಳಿಗೆ ಇಷ್ಟು ಕಾಣಲಿಲ್ಲ.

"ಮಾತು ಸ್ವಲ್ಪ ಹಿಂದೆಮುಂದೆ ಅನ್ಸುತ್ತೆ ಅತ್ತಿಗೆ, ಆದ್ರೂ ಮಜಾ ಇದೆ."

ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಬಂದು ಅವಳ ಪಕ್ಕ ಕೂತರು. ಅತ್ತೆಯವರೂ ಬಂದರು. ಅವಳು ಚಿಕ್ಕವಳಿದ್ದಾಗ ಬೆಕ್ಕಿಗೆ ಸಾಕ್ಸ್ ಹಾಕಿದ ಕಥೆ ಶುರುವಾಯಿತು. ಮೂವರೂ ಬಿದ್ದು ಬಿದ್ದು ನಕ್ಕರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಹೇಳಲಿಲ್ಲ. ತಾನೇ ಕಂಡುಕೊಳ್ಳಲಿ ಬಿಡು...

ಜೂನ್ 23, ಭಾನುವಾರ

ಸಂಪುಟದ ಮೇಲೆ ಸಂಪುಟ ಮುಗಿಸುತ್ತಿದ್ದಾಳೆ. ಬಸ್ಸಿನಲ್ಲೂ ಓದುತ್ತಾಳಂತೆ. ಮಾತಿರುವ ಪುಟಗಳ ಕ್ರಮ ಈಚೆಗೆ ತಾನೇ ಸರಿಮಾಡಿಕೊಂಡಳು. "ಉಲ್ಟಾ ಓದ್ಬೇಕು ಅಲ್ವಾ ಅತ್ತಿಗೆ? ನಾನೊಬ್ಳು ಪೆದ್ದಿ," ಎಂದು ನಕ್ಕಳು. ಹೂಂ ಎಂದೆ. ನಗು ಬಂದಂತೆ ಮಾಡಿದೆ.

ಇವತ್ತು ನನ್ನ ಜೊತೆ ಬಳಗಕ್ಕೂ ಬಂದಳು. ಬೈಂಡರ್ ಮಾಮನ ಅಂಗಡಿ, ಅಂಟಿನ ವಾಸನೆ, ಕಾಗದದ ರಾಶಿಯ ಮೇಲೆ ಕೂರುವ ನಮ್ಮ ಹಳೆ ಓದುಗರ ಗುಂಪು. ವಾರದಲ್ಲಿ ನಾನು ಯಾರ ಸೊಸೆಯೂ ಅಲ್ಲದ, ಯಾರ ಕಾಲಿಗೂ ಬೂಟು ತೊಡಿಸದ ಜಾಗ ಅದೊಂದೇ. ಅಲ್ಲಿಗೂ ಬಂದಳು.

ನಮ್ಮ ಹಳೆ ಜಗಳವನ್ನು ಅವಳಿಗೆ ವಿವರಿಸಿದರು. ಬಿರುಗಾಳಿಯ ಸಂಪುಟ. ಚುಕ್ಕಾಣಿ ಹಿಡಿದವನಿಗೆ ಎದುರಿನ ಬಂಡೆ ಕಾಣುತ್ತದೆ, ಆದರೂ ಕೂಗುವುದಿಲ್ಲ. ಹಡಗು ಒಡೆಯುತ್ತದೆ, ಎಳೆಯ ಕ್ಯಾಪ್ಟನ್ ಕಡಲು ಪಾಲು. ಯಾಕೆ ಕೂಗಲಿಲ್ಲ? ಬರೆದವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ನನ್ನ ಉತ್ತರ ಇಡೀ ಬಳಗಕ್ಕೆ ಬಾಯಿಪಾಠ: ಕಾಲ ಮಿಂಚಿತ್ತು, ಜೊತೆಗಾರರ ಕೊನೆಯ ನಗು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಅದು ಕರುಣೆ. ಬಳಗದ ವಾರ್ಷಿಕ ಸಂಚಿಕೆಯಲ್ಲಿ ಅವನ ಬಗ್ಗೆ ಬರೆಯುವುದು ನಾನೇ. ಯಾವಾಗಲೂ.

ಜುಲೈ 14, ಭಾನುವಾರ

ಪುಟ್ಟಿ ಮಾತಾಡಿದಳು.

"ಅವ್ನು ಹಡಗಿಗೆ ಹಳಬ. ಕ್ಯಾಪ್ಟನ್ ನಿನ್ನೆ ಮೊನ್ನೆ ಬಂದೋನು. ಈಗ ಎಲ್ಲರೂ ಅವನ ಸುತ್ತ. ಇವನು ಊಟ ಮಾಡಿದ್ನಾ ಅಂತಾನೂ ಕೇಳೋರಿಲ್ಲ. ಹೊಟ್ಟೆಕಿಚ್ಚು, ಅಷ್ಟೇ. ಕೆಟ್ಟೋನೇನಲ್ಲ ಪಾಪ. ಆ ಒಂದು ಗಳಿಗೆ ಸುಮ್ನಿದ್ದ."

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಇಷ್ಟು ವರ್ಷ ನಮಗ್ಯಾಕೆ ಹೊಳೀಲಿಲ್ಲ ಅಂತ ಒಬ್ಬರು. ನನ್ನ ಕಡೆ ತಿರುಗಿಯೂ ನೋಡದೆ.

ಬೈಂಡರ್ ಮಾಮ: "ಈ ಸಲದ ಲೇಖನ ಪುಟ್ಟಿ ಬರೀಲಮ್ಮ. ನೀನೇನೂ ಬೇಜಾರು ಮಾಡ್ಕೋಬೇಡ."

ಬೇಜಾರು ಯಾಕೆ ಮಾಮ ಎಂದೆ. ನಕ್ಕೆ ಕೂಡ. ದವಡೆ ಇನ್ನೂ ನೋಯುತ್ತಿದೆ.

ಹೊಟ್ಟೆಕಿಚ್ಚಂತೆ. ಅಷ್ಟಕ್ಕೆ ಯಾರಾದರೂ ಹಡಗು ಮುಳುಗಿಸುತ್ತಾರಾ? ಮನುಷ್ಯರನ್ನು ಕಂಡವಳು ಆಡುವ ಮಾತಲ್ಲ. ಗಂಡನೂ ನನ್ನವನು, ಕಪಾಟೂ ನನ್ನದು, ಬಳಗವೂ ನನ್ನದು — ಎಲ್ಲದರಲ್ಲೂ ಅವಳಿಗೆ ಪಾಲು ಬೇಕು.

ಜುಲೈ 17, ಬುಧವಾರ

ಲೇಖನ ತೋರಿಸಿದಳು. "ಅತ್ತಿಗೆ, ನೀವು ನೋಡಿ ಹೂಂ ಅಂದ್ರೇನೇ ಕೊಡೋದು."

ಚೆನ್ನಾಗಿದೆ. ಅದೇ ಹೊಟ್ಟೆ ಉರಿಸುವುದು, ಚೆನ್ನಾಗಿದೆ.

ಮೂರನೇ ಹಾಳೆಯಲ್ಲಿ ಆ ಪುಟದ ವರ್ಣನೆ. ಒಂದೂ ಮಾತಿಲ್ಲದ ಪುಟ, ಮೇಲೆ ಎರಡು ಕೆಳಗೆ ಎರಡು, ನಾಲ್ಕೇ ಚೌಕ. ಅವಳು ಬರೆದದ್ದು: ಅವನು ಬಾಯಿ ತೆರೆದ. ಬಂಡೆ ಕಂಡಿತು. ಬಾಯಿ ಮುಚ್ಚಿದ. ಅತ್ತ ಎಲ್ಲರೂ ಕ್ಯಾಪ್ಟನ್ ಸುತ್ತ ನಗುತ್ತಿದ್ದರು. ಅಂದರೆ ಅವರ ನಗುವಿಗೆ ಸೇರಿಕೊಳ್ಳಲು ಬಾಯಿ ತೆರೆದನಂತೆ, ಬಂಡೆ ಕಂಡಾಗ ಸೇಡು ನೆನಪಾಯಿತಂತೆ.

ತಪ್ಪು. ಕ್ರಮ ತಿಳಿಯುವ ಮುಂಚೆ, ಎಡದಿಂದ ಓದಿದ್ದಾಳೆ. ಮಾತಿಲ್ಲದ ಪುಟವಾದ್ದರಿಂದ ಯಾವುದೂ ತಡೆಯಲಿಲ್ಲ, ಆಮೇಲೆ ತಿರುಗಿಯೂ ನೋಡಿಲ್ಲ. ಸರಿಯಾದ ಕ್ರಮ ಬೇರೆ: ಬಂಡೆ. ತೆರೆದ ಬಾಯಿ. ನಗುವ ಜನ. ಮುಚ್ಚಿದ ಬಾಯಿ.

"ಹೇಗಿದೆ ಅತ್ತಿಗೆ?"

ಚೆನ್ನಾಗಿದೆ ಎಂದೆ. ಇವತ್ತು ಅಡುಗೆ ಮಾಡುವಾಗ ಹಾಡು ಬಂತು. ಏನು ವಿಶೇಷ ಎಂದು ಇವರು ಕೇಳಿದರು.

ಜುಲೈ 28, ಭಾನುವಾರ, ಸಂಜೆ

ಮುಗಿಸಿದೆ. ಎಲ್ಲರ ಮುಂದೆ.

ಅವಳು ಲೇಖನ ಓದಿ ಮುಗಿಸುವವರೆಗೆ ಕಾದೆ. ಆಮೇಲೆ ಸಂಪುಟ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಚೌಕಗಳ ಮೇಲೆ ಬೆರಳಿಟ್ಟು, ಬಲದಿಂದ ಎಡಕ್ಕೆ, ಮಗುವಿಗೆ ಕಲಿಸುವ ಹಾಗೆ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ತುಂಬ ಖುಷಿಯಾಯಿತು.

ಅವಳು ಅಳಲಿಲ್ಲ. ಪುಟವನ್ನು ತನ್ನ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ಲೇಖನ ವಾಪಸ್ ತಗೋತೀನಿ ಮಾಮ. ಅತ್ತಿಗೆ ಹೇಳಿದ್ದೇ ಸರಿ. ಕೂಗೋಕೆ ಹೋದ, ಅವರ ನಗು ನೋಡ್ದ, ಕೆಡಿಸೋಕೆ ಮನಸ್ಸಾಗ್ಲಿಲ್ಲ. ಅತ್ತಿಗೇನೇ ಬರೀಲಿ."

ಗೆದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನೇ ಕೂರಿಸಿದಳು. ಸ್ವಲ್ಪ ದೂರ ಹೋದ ಮೇಲೆ:

"ಅತ್ತಿಗೆ, ಮೊದಲ್ನೇ ದಿನ ನಾನು ತಪ್ಪು ಓದ್ತಿದ್ದಾಗ ನೀವು ನೋಡಿದ್ರಿ ಅಲ್ವಾ? ಏನೋ ಹೇಳೋಕೆ ಬಂದು ನಿಂತಿದ್ರಿ. ನಾನು ಗಮನಿಸ್ದೆ."

ನಾನು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡೆ.

"ನಾವು ನಗ್ತಾ ಇದ್ವಿ. ನಮ್ಮ ಮಜಾ ಕೆಡಿಸಬಾರ್ದು ಅಂತ ಸುಮ್ನೆ ಒಳಗೆ ಹೋದ್ರಿ. ಅದಕ್ಕೇ ನಿಮಗೆ ಚುಕ್ಕಾಣಿಯವನು ಅರ್ಥ ಆಗೋದು."

ಕಿಟಕಿಯ ಆಚೆ ನೋಡುತ್ತ ಕೂತೆ. ನಮ್ಮ ಸ್ಟಾಪ್ ಬಂದದ್ದೂ ತಿಳಿಯಲಿಲ್ಲ, ಅವಳೇ ಎಬ್ಬಿಸಿದಳು.

ಜುಲೈ 30, ಮಂಗಳವಾರ

ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಬೇರೆ ಬೇರೆ ಅಳತೆಯ ಎಡಬಲ ಕೊಟ್ಟು ಕಳಿಸಿದೆ. ಸಂಜೆ ಬಂದು ಬೈದು ಹೋದ.

ಲೇಖನಕ್ಕೆ ಕೂತೆ. 'ಕರುಣೆ' ಎಂದು ಬರೆದು ಹೊಡೆದು ಹಾಕಿದೆ.

ಆಗಸ್ಟ್ 11, ಭಾನುವಾರ, ಬೆಳಿಗ್ಗೆ

ಇವತ್ತು ಲೇಖನ ಕೊಡಬೇಕು. ಬ್ಯಾಗಿನಲ್ಲಿರುವುದು ಹಳೆಯದೇ ಮಾತು, ಹೊಸ ಹಾಳೆಯ ಮೇಲೆ. ಅವನು ಕರುಣಾಳು.

ಅವನು ಕರುಣಾಳು ಅಲ್ಲ. ಕೂಗಲು ಸಮಯವಿತ್ತು. ಬಂಡೆ ಇನ್ನೂ ದೂರ, ಚಿತ್ರದಲ್ಲಿ ಹೆಬ್ಬೆರಳಷ್ಟೇ ಇದೆ. ಇಷ್ಟು ವರ್ಷ ನೋಡಿಯೂ ನೋಡಲಿಲ್ಲ. ಅವರ ನಗುವಿನಲ್ಲಿ ತನಗೆ ಜಾಗವಿಲ್ಲ ಎಂದು ಬಾಯಿ ಮುಚ್ಚಿದ. ಕ್ರಮ ತಪ್ಪಾಗಿದ್ದರೂ ಪುಟ್ಟಿ ಕಂಡದ್ದೇ ಸರಿ. ಕ್ರಮ ಸರಿಯಾದ ಮೇಲೆ ಇನ್ನೂ ಸರಿ. ಇದು ಗೊತ್ತಿರುವುದು ನನಗೊಬ್ಬಳಿಗೇ, ಯಾಕೆ ಗೊತ್ತು ಎನ್ನುವುದೂ.

ರೂಮು ಸಿಕ್ಕಿತಂತೆ. ಬರುವ ವಾರ ಹೋಗುತ್ತಾಳೆ. ಹಾಲ್‌ನಲ್ಲಿ ಸೂಟ್‌ಕೇಸ್ ತುಂಬುತ್ತಿದ್ದಾರೆ.

ಹೇಳಿಬಿಡೋಣ ಎಂದು ಈಗಷ್ಟೇ ಬಾಗಿಲಿಗೆ ಹೋದೆ. ಬಾಯಿ ತೆರೆದೆ. ಮೂವರೂ ಯಾವುದಕ್ಕೋ ನಗುತ್ತಿದ್ದರು. "ಏನತ್ತಿಗೆ?" ಎಂದಳು. ಏನಿಲ್ಲ ಎಂದು ಬಂದು ಇಲ್ಲಿ ಕೂತೆ.

ನಾಲ್ಕು ಚೌಕವೂ ಆಯಿತು.

ಹೆಜ್ಜೆ ಸಪ್ಪಳ. ಬಂದಳು. ಬಾಗಿಲಲ್ಲೇ ನಿಂತಿದ್ದಾಳೆ, ನಗುತ್ತಿಲ್ಲ. "ಏನೋ ಹೇಳೋಕೆ ಬಂದಿದ್ರಿ," ಅನ್ನುತ್ತಿದ್ದಾಳೆ.

ಹೂಂ. ಬಾ ಪುಟ್ಟಿ, ಕೂತ್ಕೋ. ಅವತ್ತು ನಾನು —