ಅಲರ್ಜಿ ಮಾತ್ರೆಯೂ ಮಗಳ ಕೂಸೂ

ಹಿರಿಸೊಸೆಗೆ,

ಮನೆಯ ಮಕ್ಕಳನ್ನೆಲ್ಲ ತೊಡೆಯ ಮೇಲೆ ಸಾಕಿದ ನಿನ್ನ ಅತ್ತೆ ಬರೆಯುವುದು. ಇಲ್ಲಿ ಮಗಳ ಮನೆಯ ಕಿಟಕಿಯಾಚೆಯ ಮರ ಹೂಬಿಟ್ಟು ಹಳದಿ ಪುಡಿ ಕೂಸಿನ ತೊಟ್ಟಿಲಿನವರೆಗೂ ಬರುತ್ತದೆ. ನನಗೆ ಮೈತುಂಬ ತುರಿಸುವ ಗಂಧೆ. ಸೀನಿದರೆ ಎದುರುಮನೆಯವರು ಕಿಟಕಿ ಮುಚ್ಚುತ್ತಾರೆ. ಅಷ್ಟೇ ಇಲ್ಲಿಯ ಮಾತುಕತೆ.

ಔಷಧಿ ಅಂಗಡಿಯವನು ಕೊಟ್ಟ ಅಲರ್ಜಿ ಮಾತ್ರೆ ನುಂಗಿ, ಮಗಳ ಕೂಸನ್ನು ತೊಡೆಯಲ್ಲಿಟ್ಟುಕೊಂಡೇ ತೂಕಡಿಸಿದೆ. ಕಣ್ಣುಬಿಟ್ಟರೆ ಕೂಸು ಅಳಿಯನ ಕೈಯಲ್ಲಿ. “ಇನ್ನೇನು ಜಾರಿಬಿಡ್ತಿತ್ತು, ಅತ್ತೆ,” ಎಂದ. ಮಗಳು ಮಾತ್ರೆಯ ಪಟ್ಟಿಯನ್ನು ಎತ್ತಿಟ್ಟಳು.

ಡಾಕ್ಟರು ನಿದ್ದೆ ಬರಿಸದ ಬೇರೆ ಮಾತ್ರೆ ಬರೆದುಕೊಟ್ಟರು. ಗಂಧೆ ಇಳಿದಿದೆ, ತೂಕಡಿಕೆಯೂ ಇಲ್ಲ. ಆದರೂ ಕೂಸನ್ನು ಎತ್ತಿಕೊಂಡರೆ ಇಬ್ಬರಲ್ಲಿ ಒಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಹೇಳಿಸಿಕೊಂಡು ಬಾಳಿದವಳಲ್ಲ. ಪಕ್ಕದ ಬೀದಿಯ ಆಯಾಳನ್ನು ನಾನೇ ಗೊತ್ತುಮಾಡಿ, ಇಂದು ಬೆಳಿಗ್ಗೆ ಕೂಸನ್ನು ಅವಳ ಕೈಗೆ ಕೊಟ್ಟೆ.

ಅತ್ತೆ