ಹಿತ್ತಿಲ ಬೋರಿನ ನೀರು

ಬಸವೇಶ್ವರನಗರ
೨೩ ಮೇ ೨೦೨೪

ನನ್ನ ಪ್ರೀತಿಯ ಚೈತ್ರ,

ನಿನಗೂ ಮಗುವಿಗೂ ಅಕ್ಕನ ಸವಿನೆನಪು. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಎಲ್ಲ ಚೆನ್ನಾಗಿದೀವಿ ಕಣೇ" ಎಂದು ಮಾತು ಮುಗಿಸಿದೆ. ಚೆನ್ನಾಗಿರಲಿಲ್ಲ. ಕಾರವಾರದಲ್ಲಿ ನಿಮ್ಮ ಬಾವಿಗೆ ಸಮುದ್ರ ನುಗ್ಗಿ ನೀರು ಉಪ್ಪಾಗುತ್ತಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ನಿನ್ನ ಗೋಳಿನ ಮೇಲೆ ನನ್ನದನ್ನೂ ಹೇರುವುದು ಬೇಡವೆನ್ನಿಸಿತು.

ಹೋದ ವರ್ಷ ಮಳೆ ಕೈಕೊಟ್ಟಿತಲ್ಲ, ಫೆಬ್ರವರಿಗೇ ನಮ್ಮ ಬಾಡಿಗೆ ಮನೆಯ ಬೋರು ನಿಂತುಹೋಯಿತು. ಓನರ್ ವೆಂಕಟಗಿರಿಯವರನ್ನು ಕೇಳಿದರೆ, "ಟ್ಯಾಂಕರ್ ಬಂದ ದಿನ ಬಿಡ್ತೀನಮ್ಮ, ಬರದಿದ್ರೆ ನನ್ ಪಾಡೂ ನಿಮ್ ಥರಾನೇ" ಎಂದರು. ನಿನ್ನ ಭಾವ ಆಫೀಸಿನಲ್ಲೇ ಶೇವ್ ಮಾಡಿಕೊಳ್ಳಲು ಶುರುಮಾಡಿದರು. ನಾನು ಭಾನುವಾರಗಳಂದು ಬಟ್ಟೆ ಗಂಟು ಕಟ್ಟಿಕೊಂಡು ಹೇರೋಹಳ್ಳಿಗೆ, ಅಪ್ಪನ ಮನೆಗೆ ಹೋಗಿ ಒಗೆದುಕೊಂಡು ಬರುತ್ತಿದ್ದೆ.

ಮಾರ್ಚಿನಲ್ಲಿ ಒಂದು ದಿನ ಎಂಟನೇ ಕ್ಲಾಸಿಗೆ ಭೂಗೋಳ ಹೇಳುತ್ತಿದ್ದೆ. ಹಿಮದ ಬೆಟ್ಟಗಳು ಕರಗುತ್ತಿವೆ, ಎಷ್ಟೋ ದೇಶಗಳಲ್ಲಿ ನದಿಗಳು ಸಮುದ್ರ ಮುಟ್ಟುವ ಮೊದಲೇ ಬತ್ತುತ್ತಿವೆ, ಲೋಕದ ನೀರಿನಲ್ಲಿ ಕುಡಿಯಲು ಸಿಗುವುದು ಚೂರೇ ಚೂರು ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಆ ಚೂರೂ ಟ್ಯಾಂಕರ್‌ನೋರದ್ದೇನಾ ಮಿಸ್?" ಎಂದಳು. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಟ್ಯಾಂಕರಿನವನು ನನ್ನ ಒಡಹುಟ್ಟಿದವನಲ್ಲವೇ.

ನಮ್ಮ ಯಶ್ವಂತ್ ಜನವರಿಯಲ್ಲಿ ಅಪ್ಪನ ಮನೆಯ ಹಿತ್ತಿಲಲ್ಲಿ ಹೊಸ ಬೋರು ಕೊರೆಸಿದ. ಹಳೆಯದಕ್ಕಿಂತ ಎಷ್ಟೋ ಆಳ. ನೀರು ಚಿಮ್ಮಿದ ದಿನ ಪೂಜೆಗೆ ನಾನೂ ಹೋಗಿ ಪೈಪಿಗೆ ಕುಂಕುಮ ಇಟ್ಟು ಬಂದಿದ್ದೆ. ಆಮೇಲೆ ಬೀದಿಯವರ ಬೋರುಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಕಾವೇರಿ ಪೈಪು ಹಾಕಿ ಹೋಗಿದ್ದಾರೆ, ನೀರು ಬಂದಿಲ್ಲ. ಇವನ ಟ್ಯಾಂಕರುಗಳು ಮಾತ್ರ ಬೆಳಗಿನಿಂದ ಅಪಾರ್ಟ್‌ಮೆಂಟುಗಳಿಗೆ ಓಡುತ್ತಿದ್ದವು, ಆ ಹಳ್ಳ ಬಿದ್ದ ರಸ್ತೆಯುದ್ದಕ್ಕೂ ನೀರು ತುಳುಕಿಸಿಕೊಂಡು. ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಬೀದಿಯ ಕೊನೆಯ ಶೀಟಿನ ಮನೆಯ ಮುನಿತಾಯಮ್ಮತ್ತೆ ನಿನಗೆ ನೆನಪಿರಬೇಕು. ಆದರೆ ನೀನಿನ್ನೂ ಹುಟ್ಟದ ಕಾಲದ ಈ ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಯಶ್ವಂತ್ ಹುಟ್ಟಿದಾಗ ಅಮ್ಮನಿಗೆ ಟೈಫಾಯಿಡ್ ಬಂದು ಹಾಲೇ ಇರಲಿಲ್ಲ. ತನ್ನ ಮಗಳ ಜೊತೆ ಅವನನ್ನೂ ಮಡಿಲಿಗೆ ಹಾಕಿಕೊಂಡು ಹಾಲು ಕುಡಿಸಿದವಳು ಆಕೆ. ಅದನ್ನು ಆಕೆ ಯಾವತ್ತೂ ಯಾರ ಮುಂದೆಯೂ ಆಡಿದ್ದಿಲ್ಲ. ಈ ಬೇಸಿಗೆಯಲ್ಲಿ ಆಕೆ ಬಿಂದಿಗೆ ಹಿಡಿದು ಬಂದರೆ ಇವನು "ಸಾಯಂಕಾಲ ಬಾ ಅತ್ತೆ, ಈಗ ಲೋಡ್ ಐತೆ" ಅನ್ನುತ್ತಿದ್ದ. ಸಾಯಂಕಾಲ ಬಂದರೆ ಮೋಟರ್ ಬಿಸಿಯಾಗಿದೆ ಅನ್ನುತ್ತಿದ್ದ. ಆಮೇಲೆ ಆಕೆ ಬರುವುದನ್ನೇ ಬಿಟ್ಟಳು. ಮೈನ್ ರೋಡ್ ದಾಟಿ ಎಲ್ಲಿಂದಲೋ ಹೊತ್ತು ತರುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಆಕೆ ಹಾಲು ಕುಡ್ದು ಬದುಕಿದೋನು ನೀನು. ಒಂದು ಬಿಂದಿಗೆ ನೀರಿಗೆ ಅಲೆಸ್ತೀಯಲ್ಲೋ" ಎಂದೆ.

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ಅದಕ್ಕೀಗೇನ್ ಮಾಡ್ಲಿ ಅಕ್ಕ? ಒಬ್ಳಿಗೆ ಕೊಟ್ರೆ ಬೀದಿಯೆಲ್ಲ ಲೈನ್ ನಿಲ್ಲತ್ತೆ. ಈ ಬೋರೂ ಎಷ್ಟು ದಿನ ಬರತ್ತೋ ಯಾರಿಗ್ಗೊತ್ತು. ಇರೋವಾಗ್ಲೇ ಮಾಡ್ಕೋಬೇಕು."

ಬತ್ತುತ್ತದೆಂದು ಅವನಿಗೂ ಗೊತ್ತು, ಚೈತ್ರ. ಗೊತ್ತಿರುವುದಕ್ಕೇ ಆ ಅವಸರ.

ಏಪ್ರಿಲ್‌ನ ಒಂದು ಭಾನುವಾರ ಅವನು ಟ್ಯಾಂಕರ್ ರಿಪೇರಿಗೆಂದು ಕೆಂಗೇರಿಗೆ ಹೋಗಿದ್ದ. ನಾನು ಮೋಟರ್ ಹಾಕಿ, ಉದ್ದ ಪೈಪನ್ನು ಗೇಟಿನವರೆಗೆ ಎಳೆದು, ಬೀದಿಯವರನ್ನು ಕೂಗಿದೆ. ಮುನಿತಾಯಮ್ಮತ್ತೆ ಮಾತ್ರ ಬರಲಿಲ್ಲ. ನಾನೇ ಹೋಗಿ ಕೈ ಹಿಡಿದು ಕರೆತಂದೆ. "ಬ್ಯಾಡ ಕಣವ್ವ, ನಿಮ್ ಮನೇಲಿ ಮಾತು ಬರ್ತವೆ" ಅನ್ನುತ್ತಲೇ ಬಂದಳು. ಹೆಂಗಸರು ಜಾಗ ಬಿಟ್ಟು ಆಕೆಯನ್ನೇ ಮುಂದೆ ನಿಲ್ಲಿಸಿದರು.

ಬಿಂದಿಗೆ ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಕರೆಂಟು ಹೋಯಿತೆಂದು ಯಾರೋ ಅಂದರು. ಕಿಟಕಿಯಲ್ಲಿ ನಮ್ಮ ನಡುಮನೆಯ ಫ್ಯಾನು ತಿರುಗುವುದು ಎಲ್ಲರಿಗೂ ಕಾಣುತ್ತಿತ್ತು. ನಾನು ಒಳಗೆ ಹೋದೆ. ಹೊರಗೆ ಬಂದು, ಮೋಟರ್ ಕೆಟ್ಟಿದೆ ಎಂದೆ. ಯಾರೂ ನಂಬಲಿಲ್ಲ. ಮುನಿತಾಯಮ್ಮತ್ತೆ ಆ ಅರ್ಧ ಬಿಂದಿಗೆ ನೀರನ್ನು ನಮ್ಮ ತುಳಸಿ ಕಟ್ಟೆಗೆ ನಿಧಾನವಾಗಿ ಬಗ್ಗಿಸಿ, "ನಿಮ್ದು ನಿಮ್ಗೇ ಇರ್ಲಿ ಬುಡವ್ವ" ಎಂದು ಹೊರಟುಹೋದಳು. ನನ್ನ ಮುಖ ನೋಡಲಿಲ್ಲ.

ಸಂಜೆ ಯಶ್ವಂತ್ ಬಂದು ಕೂಗಾಡಿದ. ಅವನ ಮಾತುಗಳನ್ನು ಬರೆಯುವುದಿಲ್ಲ, ನಿನ್ನ ಅಣ್ಣನೂ ಹೌದಲ್ಲ. ಅದೇ ವಾರ ಮುನಿತಾಯಮ್ಮತ್ತೆ ಬಾಗಿಲಿಗೆ ಬೀಗ ಹಾಕಿ ಕುಣಿಗಲ್ ಕಡೆ ಮಗಳ ಮನೆಗೆ ಹೋದಳು. ಮದುವೆಯಾಗಿ ಬಂದಾಗಿನಿಂದ ಬಿಟ್ಟಿರದ ಊರು. ಹೇಳಿ ಹೋಗಲಿಲ್ಲ.

ಈ ತಿಂಗಳು ಮಳೆ ಬಂತು. ಅದೂ ಎಂಥದು, ತಿಂಗಳಿಡೀ ಬರಬೇಕಾದದ್ದು ಒಂದೇ ಮಧ್ಯಾಹ್ನ ಸುರಿದು ಹೋಯಿತು. ಕೆರೆಗೆ ಹೋಗುತ್ತಿದ್ದ ಕಾಲುವೆಯ ಮೇಲೆಲ್ಲ ಈಗ ಮನೆಗಳು. ಚರಂಡಿ ಉಕ್ಕಿ ಬೀದಿಯ ಕೊನೆಗೆ ನುಗ್ಗಿತು. ಮುನಿತಾಯಮ್ಮತ್ತೆಯ ಬೀಗ ಹಾಕಿದ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತಂತೆ.

ನಿಮ್ಮ ಬಾವಿಯ ನೀರನ್ನು ಮಗುವಿಗೆ ಕೊಡಬೇಡ, ಕೊಂಡು ತಂದಾದರೂ ಸಿಹಿನೀರೇ ಕುಡಿಸು. ನಿನ್ನ ಮನೆ ತಣ್ಣಗಿರಲಿ, ಕೇಳಿ ಬಂದವರಿಗೆ ಇಲ್ಲವೆನ್ನುವ ದಿನ ನಿನಗೆ ಬಾರದಿರಲಿ.

ನಿನ್ನ ಅಕ್ಕ,
ಲತಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಮೋಟರ್ ಆರಿಸಿದ್ದು ಅಪ್ಪ. ನಾನು ಒಳಗೆ ಹೋದಾಗ ಸ್ವಿಚ್ಚಿನ ಪಕ್ಕವೇ ನಿಂತಿದ್ದರು. "ಏನಪ್ಪ ಇದು" ಎಂದೆ. "ನೀನೂ ಚೈತ್ರಾನೂ ಆಸ್ತಿ ಹಕ್ಕು ಬಿಟ್ಟು ಸೈನ್ ಹಾಕಿದೀರಲ್ಲಮ್ಮ, ನೀರೂ ಅದರಾಗೇ ಬಂತು. ಈ ಮನೇಲಿ ಇನ್ನೊಬ್ರಿಗೆ ಕೊಡೋಕೆ ನೀನ್ಯಾರು?" ಎಂದರು. ಸಿಟ್ಟಿನಲ್ಲಿ ಅಂದಿದ್ದರೆ ಮರೆಯುತ್ತಿದ್ದೆ. ತಲೆ ಸವರಿ, ಸಮಾಧಾನವಾಗಿ ಅಂದರು. ಬೀದಿಯೆಲ್ಲ ಖಾಲಿಯಾದ ಮೇಲೆ ತಾವೇ ಮೋಟರ್ ಹಾಕಿ, ನನಗೆಂದು ಎರಡು ಕ್ಯಾನ್ ತುಂಬಿ ಸ್ಕೂಟರಿನ ಮುಂದೆ ಇಟ್ಟರು. ನಾನು ಬೇಡವೆನ್ನಲಿಲ್ಲ, ಚೈತ್ರ. ಮನೆಯಲ್ಲಿ ನೀರಿರಲಿಲ್ಲ.