ನನ್ನ ಲ್ಯಾಪ್‌ಟಾಪಿನಿಂದ ಹೋದದ್ದು

ಮಂಗಳವಾರ, ನವೆಂಬರ್ 11

ಇವತ್ತೂ ಹೇಳಲಿಲ್ಲ.

ನಮ್ಮ ಆ್ಯಪನ್ನು ಕೋಡಿನಿಂದ ಕಟ್ಟುವ, ನಲವತ್ತು ನಿಮಿಷ ಹಿಡಿಯುತ್ತಿದ್ದ ಬಿಲ್ಡ್ ಈಗ ನಾಲ್ಕೇ ನಿಮಿಷದಲ್ಲಿ ಮುಗಿಯುತ್ತದೆ. ಒಮ್ಮೆ ಕಂಪೈಲ್ ಆಗಿ ಯಂತ್ರಭಾಷೆಗೆ ಬಂದ ಕೋಡನ್ನು ಕ್ಯಾಶ್ ಎಂಬ ಸಂಗ್ರಹ ಇಟ್ಟುಕೊಂಡು ಎಲ್ಲರಿಗೂ ಕೊಡುತ್ತದೆ. ಅದಕ್ಕೆ ಫೈಲು ಸೇರಿಸುವ ಅನುಮತಿ ಬಿಲ್ಡ್ ಸರ್ವರುಗಳಿಗೆ ಮಾತ್ರ ಎಂದು ನಿಯಮ ಮಾಡಿದವಳು ನಾನೇ. ಶುಕ್ರವಾರ ಒಂದು ಪರೀಕ್ಷೆಗೆಂದು ನನ್ನ ಲ್ಯಾಪ್‌ಟಾಪಿಗೂ ಆ ಅನುಮತಿ ಕೊಟ್ಟೆ, ತೆಗೆಯಲು ಮರೆತೆ. ಅದರಲ್ಲಿದ್ದದ್ದು ಹಳೆಯ ಕಂಪೈಲರ್. ಅಲ್ಲಿಂದ ಕ್ಯಾಶಿಗೆ ಹೋದ ಫೈಲು ಎಲ್ಲರ ಬಿಲ್ಡಿಗೂ ಸೇರಿ, ನಿನ್ನೆಯಿಂದ ಆ್ಯಪ್ ತೆರೆದ ಕೂಡಲೇ ನಿಂತುಹೋಗುತ್ತಿದೆ.

ಕೋಡಿನಲ್ಲಿ ಕೊನೆಯ ಬದಲಾವಣೆ ನಮ್ಮ ತಂಡದ ದೀಪೇಶನದು. ಹಾಗಾಗಿ ಮ್ಯಾನೇಜರ್ ರೂಬನ್ ಅವನನ್ನೇ ಹಿಡಿದ.

"ಬಿಲ್ಡಿಗೆ ನಾಲ್ಕು ನಿಮಿಷ, ನಿನ್ನ ತಪ್ಪು ಹುಡುಕ್ಲಿಕ್ಕೆ ಎರಡು ದಿನವಾ ಮಾರಾಯ?"

ದೀಪೇಶ್ ನನ್ನ ಬಳಿ ಬಂದ. "ಶರೊನ್ ಮೇಡಂ, ನನ್ನ ಕೋಡಲ್ಲಿ ಎಂತ ಉಂಟು ನೀವೊಮ್ಮೆ ನೋಡಿ. ನನಗೆ ಕಾಣುದಿಲ್ಲ."

"ನೋಡ್ತೇನೆ," ಎಂದೆ. ಕ್ಯಾಶಿಗೆ ಯಾವ ಫೈಲು ಎಲ್ಲಿಂದ ಬಂತೆಂದು ದಾಖಲಿಸುವ ಲಾಗ್‌ನಲ್ಲಿ ನನ್ನ ಲ್ಯಾಪ್‌ಟಾಪಿನ ಹೆಸರು ಅಷ್ಟರಲ್ಲೇ ನೋಡಿಯಾಗಿತ್ತು.

ನಾಳೆ ಅವನ ಮೂರು ತಿಂಗಳ ಕೆಲಸವನ್ನು ಆ್ಯಪಿನ ಹೊಸ ಬಿಡುಗಡೆಯಿಂದ ತೆಗೆಯುತ್ತಾರೆ. ಅದೇ ಹೊತ್ತಿಗೆ ನಾನು ಸುಮ್ಮನೆ ಕ್ಯಾಶ್ ಖಾಲಿ ಮಾಡಿದರೆ ಆ್ಯಪ್ ಸರಿಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ತಪ್ಪು ಮಾತ್ರ ಅವನದಾಗಿಯೇ ಉಳಿಯುತ್ತದೆ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಇಷ್ಟು ಹೆದರಿಕೆ ಏಕೆ?

ರೂಬನ್, ದೀಪೇಶ್ ಇಬ್ಬರಿಗೂ ಮೇಲ್ ತೆರೆದಿಟ್ಟಿದ್ದೇನೆ. ಲಾಗ್ ಲಗತ್ತಿಸಿಯಾಯಿತು. 'ಶುಕ್ರವಾರ ನಾನು' ಎಂದು ಬರೆದೆ, ಅಳಿಸಲಿಲ್ಲ. ಇನ್ನು ಮುಂದಿನ ಮಾತು ಅಲ್ಲೇ ಬರೆಯುತ್ತೇನೆ.